ಡೆಲ್ಕೊ ಬಿಚ್ಚುವ ಮುನ್ನ

ನಮ್ಮ ಸೋದರಮಾವನ ಹಳೆಯ ಕಾರಿಗೆ ಎರಡು ಕಾಯಿಲೆ ಇದ್ದವು. ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದೆರಡು ಸಲ ಕೆಮ್ಮಿ ಎದ್ದುಬಿಡುತ್ತಿತ್ತು. ಆದರೆ ಐವತ್ತು ಕಿಲೋಮೀಟರ್ ಓಡಿದ ಮೇಲೆ ಕಾಫಿಗೆಂದು ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಏಳುತ್ತಿರಲಿಲ್ಲ. ಇದು ಮೊದಲನೆಯದು. ಎರಡನೆಯದು ಇದಕ್ಕೆ ತದ್ವಿರುದ್ಧ. ಊರು ಮುಟ್ಟಿ, ಕೀ ತಿರುಗಿಸಿ, ಅದನ್ನು ತೆಗೆದು ಜೇಬಿಗೆ ಹಾಕಿಕೊಂಡ ಮೇಲೂ ಇಂಜಿನ್ ನಿಲ್ಲುತ್ತಿರಲಿಲ್ಲ. ಗಡಗಡ ನಡುಗುತ್ತ, ಯಾರೋ ಒದ್ದಂತೆ ಎಗರುತ್ತ, ಹತ್ತು ಹದಿನೈದು ಸೆಕೆಂಡ್ ತನ್ನಷ್ಟಕ್ಕೆ ತಾನೇ ಓಡಿ, ಕೊನೆಗೊಮ್ಮೆ ಉಸಿರು ಬಿಟ್ಟು ಸುಮ್ಮನಾಗುತ್ತಿತ್ತು. 'ನಿಮ್ಮ ಮಾವನ ಥರಾನೇ ಕಣೋ, ಏಳಿಸೋದೂ ಕಷ್ಟ, ಸುಮ್ಮನಿರಿಸೋದೂ ಕಷ್ಟ' ಎಂದು ಅತ್ತೆ ನಗುತ್ತಿದ್ದರು.

ಒಂದು ಏಪ್ರಿಲ್ ಮಧ್ಯಾಹ್ನ ತಿಪಟೂರಿನ ಹತ್ತಿರ ಅದು ಹಟ ಹಿಡಿದು ನಿಂತಾಗ, ನಾಲ್ಕು ಜನ ಸೇರಿ ರಸ್ತೆ ಬದಿಯ ಗ್ಯಾರೇಜೊಂದಕ್ಕೆ ತಳ್ಳಿಕೊಂಡು ಹೋದೆವು. ಮಾವ ಆತುರದಲ್ಲಿದ್ದರು. 'ಪ್ಲಗ್ ಹೋಗಿರಬೇಕು, ಇಲ್ಲ ಡೆಲ್ಕೊ. ಬಿಚ್ಚಿ ನೋಡಿ ಮೇಸ್ತ್ರಿ' ಎಂದರು. ವಯಸ್ಸಾದ ಮೇಸ್ತ್ರಿ ಬಾನೆಟ್ ಮೇಲೆ ಕೈ ಇಟ್ಟು, ಬಿಸಿ ನೋಡಿ, 'ಡೆಲ್ಕೊ ಬಿಚ್ಚೋಕೆ ಮುಂಚೆ ಒಂದೆರಡು ಮಾತು ಕೇಳ್ತೀನಿ ಸಾರ್, ಆಮೇಲೆ ಬಿಚ್ಚಾನ' ಎಂದ. ಆ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ನನ್ನ ಕಿವಿಯಲ್ಲಿ ನಿಂತದ್ದು ಆ ಪದ. ಡೆಲ್ಕೊ ಎಂದರೇನು ಎಂದು ಕೇಳಿದೆ. ಇಂಜಿನ್ನಿನ ಪಕ್ಕದಲ್ಲಿ ಕಪ್ಪು ಟೋಪಿ ಹಾಕಿಕೊಂಡು, ತಲೆಯಿಂದ ಐದು ದಪ್ಪ ವೈರು ಬಿಟ್ಟುಕೊಂಡು ಕೂತಿದ್ದ ಡಿಸ್ಟ್ರಿಬ್ಯೂಟರನ್ನು ತೋರಿಸಿ, 'ಡೆಲ್ಕೊ ಅಂದ್ರೆ ಡೆಲ್ಕೊ ಸಾರ್, ಇದೇಯ' ಎಂದ.

ಬಹಳ ವರ್ಷಗಳ ನಂತರ ಗೊತ್ತಾಯಿತು, ಅದು ಒಂದು ಕಂಪನಿಯ ಹೆಸರು. ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಎಂಬುದರ ಮೊದಲ ಅಕ್ಷರಗಳು. ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ 1909ರಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ ಕಟ್ಟಿದ ಕಂಪನಿ. ಫ್ರಾನ್ಸಿನ ಗ್ಯಾರೇಜಿನಲ್ಲೂ ಈ ಭಾಗಕ್ಕೆ ಡೆಲ್ಕೊ ಎಂದೇ ಹೆಸರು. ಫೋಟೊ ಪ್ರತಿಗೆ ಜೆರಾಕ್ಸ್ ಆದ ಹಾಗೆ. ಮಾವನ ಕಾರಿನ ಎರಡೂ ಕಾಯಿಲೆಗಳ ವಂಶಾವಳಿ ಹಿಡಿದು ಹೊರಟರೆ ಈ ಕೆಟರಿಂಗ್ ಎಂಬ ಮನುಷ್ಯ ಮತ್ತೆ ಮತ್ತೆ ಎದುರಾಗುತ್ತಾನೆ. ಒಮ್ಮೆ ಉಪಕಾರಿಯಾಗಿ, ಇನ್ನೊಮ್ಮೆ ಹಾಗೆ ಹೇಳಲಾಗದ ರೀತಿಯಲ್ಲಿ.

ಕಾರು ಕೆಟ್ಟು ನಿಂತ ಚರಿತ್ರೆ ಕಾರಿನಷ್ಟೇ ಹಳೆಯದು. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ವಾಹನಕ್ಕೆ ಪೇಟೆಂಟ್ ಪಡೆದದ್ದು 1886ರಲ್ಲಿ. ಎರಡು ವರ್ಷವಾದರೂ ಕೊಳ್ಳುವವರಿಲ್ಲ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬೆರ್ಥಾ, ಗಂಡನಿಗೆ ಹೇಳದೆ, 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ತವರೂರು ಪೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು 100 ಕಿಲೋಮೀಟರ್. ಆ ವಾಹನವನ್ನು ಚಾಲೂ ಮಾಡಬೇಕಾದರೆ ಹಿಂಬದಿಯ ದೊಡ್ಡ ಚಕ್ರವನ್ನು ಕೈಯಿಂದ ಹಿಡಿದು ಜೋರಾಗಿ ತಿರುಗಿಸಬೇಕಿತ್ತು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ, ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರೊಯಿನ್ ಕೊಂಡು ಸುರಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಕಿಡಿ ಒಯ್ಯುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದಳು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನೊಬ್ಬನಿಂದ ತೊಗಲು ಹೊಡೆಸಿಕೊಂಡಳು. ಇಂಧನ, ಕಿಡಿ, ಬ್ರೇಕು. ಇವತ್ತಿಗೂ ಹಳೆಯ ಕಾರು ನಿಂತರೆ ಮೇಸ್ತ್ರಿ ನೋಡುವ ಮೊದಲ ಎರಡು ಸಂಗತಿಗಳನ್ನು ಬೆರ್ಥಾ ಟೋಪಿ ಪಿನ್ನಿನಲ್ಲೂ ಕಾಲುಚೀಲದ ಪಟ್ಟಿಯಲ್ಲೂ ನೋಡಿ ಮುಗಿಸಿದ್ದಳು. ಜಗತ್ತಿನ ಮೊದಲ ದೂರಪ್ರಯಾಣದ ಚಾಲಕಿ ಎಂದು ಅವಳನ್ನು ನೆನೆಯುತ್ತಾರೆ. ಮೊದಲ ಮೆಕ್ಯಾನಿಕ್ ಎಂದೂ ನೆನೆಯಬೇಕು.

ಚಕ್ರ ತಿರುಗಿಸುವ ಕೆಲಸ ಮುಂದೆ ಹ್ಯಾಂಡಲ್ಲಿಗೆ ಬಂತು. ನಮ್ಮಲ್ಲಿ ಐವತ್ತು ದಾಟಿದವರಿಗೆ ಅಂಬಾಸಿಡರ್ ಕಾರಿನ ಮುಂದೆ ಬಗ್ಗಿ, ಝಡ್ ಆಕಾರದ ಕಬ್ಬಿಣದ ಸಲಾಕೆಯನ್ನು ತೂರಿಸಿ ಹ್ಯಾಂಡಲ್ ಹೊಡೆಯುತ್ತಿದ್ದ ಡ್ರೈವರುಗಳ ನೆನಪಿರುತ್ತದೆ. ಅದಕ್ಕೊಂದು ಪಾಠವಿತ್ತು: ಹೆಬ್ಬೆರಳನ್ನು ಹಿಡಿಯ ಸುತ್ತ ಮಡಿಸಬೇಡ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೋ, ಕೆಳಕ್ಕೆ ಒತ್ತಬೇಡ, ಮೇಲಕ್ಕೆ ಎಳೆ. ಕಾರಣ, ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹತ್ತಿದರೆ ಇಂಜಿನ್ ಹಿಂದಕ್ಕೆ ಒದೆಯುತ್ತದೆ. ಸಲಾಕೆ ತಿರುಗಿ ಬಂದು ಕೈ ಮುರಿಯುತ್ತದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಿಡಿಯ ಸಮಯವನ್ನು ಹಿಂದೆಮುಂದೆ ಮಾಡಲು ಸ್ಟೀರಿಂಗಿನ ಕೆಳಗೊಂದು ಸಣ್ಣ ಕಡ್ಡಿ ಇತ್ತು. ಹ್ಯಾಂಡಲ್ ಹೊಡೆಯುವ ಮೊದಲು ಅದನ್ನು ಮೇಲಕ್ಕೆ ತಳ್ಳಲು ಮರೆತವನ ಮಣಿಕಟ್ಟು ಹೋಯಿತೆಂದೇ ಲೆಕ್ಕ. ಮುಂಗೈ ಮೂಳೆಯ ತುದಿ ಹೀಗೆ ಮುರಿಯುವುದಕ್ಕೆ ವೈದ್ಯರು ಶೋಫರನ ಮುರಿತ ಎಂದು ಹೆಸರಿಟ್ಟರು. ಮೂಳೆ ವೈದ್ಯರ ಪಠ್ಯಪುಸ್ತಕದಲ್ಲಿ ಆ ಹೆಸರು ಈಗಲೂ ಇದೆ. ಹ್ಯಾಂಡಲ್ ಹೋದರೂ ಹೆಸರು ಹೋಗಿಲ್ಲ. ಶೋಫರ್ ಎಂಬ ಫ್ರೆಂಚ್ ಪದದ ಮೂಲ ಅರ್ಥವೂ ಕುತೂಹಲದ್ದೇ. ಉಗಿ ಇಂಜಿನ್ನಿಗೆ ಬೆಂಕಿ ಹಾಕುವವನು, ಕಾಯಿಸುವವನು ಎಂದು. ನಡೆಸುವವನಿಗಿಂತ ಏಳಿಸುವವನೇ ಮುಖ್ಯನಾಗಿದ್ದ ಕಾಲದ ಮಾತು ಅದು.

ಆ ಕಾಲದಲ್ಲಿ ಬ್ಯಾಟರಿಯಿಂದ ಓಡುವ ಕಾರುಗಳಿಗೆ ಒಳ್ಳೆಯ ಬೇಡಿಕೆ ಇತ್ತು. ಅವನ್ನು ಎಬ್ಬಿಸುವ ಕಷ್ಟವೇ ಇರಲಿಲ್ಲ. ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಸ್ವತಃ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿಯ ಕಾರು, ಗಂಡನ ಮಾಡೆಲ್ ಟಿ ಅಲ್ಲ. ಪೆಟ್ರೋಲ್ ಕಾರಿಗೆ ಕೈ ಮುರಿಯದ ದಾರಿಯೊಂದು ಸಿಕ್ಕದೇ ಹೋಗಿದ್ದರೆ ರಸ್ತೆಗಳ ಚರಿತ್ರೆ ಬೇರೆ ಆಗುತ್ತಿತ್ತೋ ಏನೋ.

ಸಿಕ್ಕಿತು. ಅದರ ಹಿಂದೆ ಒಂದು ಸಾವಿನ ಕಥೆ ಹೇಳುತ್ತಾರೆ. ಬೈರನ್ ಕಾರ್ಟರ್ ಎಂಬ ಕಾರು ತಯಾರಕ, ದಾರಿಯಲ್ಲಿ ನಿಂತುಹೋದ ಕಾರಿನ ಮಹಿಳೆಯೊಬ್ಬಳಿಗೆ ನೆರವಾಗಲು ಹ್ಯಾಂಡಲ್ ಹೊಡೆದಾಗ ಅದು ತಿರುಗಿ ದವಡೆಗೆ ಬಡಿಯಿತೆಂದೂ, ಆ ಗಾಯ ಉಲ್ಬಣಿಸಿ ಸತ್ತನೆಂದೂ, ಅವನ ಗೆಳೆಯ, ಕ್ಯಾಡಿಲ್ಯಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್ ಇನ್ನು ನನ್ನ ಕಾರು ಯಾರನ್ನೂ ಕೊಲ್ಲಬಾರದು ಎಂದು ಪಟ್ಟು ಹಿಡಿದನೆಂದೂ ಕಥೆ. ಕಾರ್ಟರ್ ತೀರಿಕೊಂಡದ್ದು 1908ರಲ್ಲಿ. ಕಥೆ ಬಾಯಿಂದ ಬಾಯಿಗೆ ಬೆಳೆದಿರಬಹುದು. ಲೀಲ್ಯಾಂಡ್ ಕೆಲಸವನ್ನು ಒಪ್ಪಿಸಿದ್ದು ಕೆಟರಿಂಗ್‌ಗೆ ಎಂಬುದು ಮಾತ್ರ ಕಥೆಯಲ್ಲ.

ಕೆಟರಿಂಗ್ ಅದಕ್ಕೆ ಮೊದಲು ಅಂಗಡಿಯ ಗಲ್ಲಾ ಯಂತ್ರ ಮಾಡುತ್ತಿದ್ದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ಕೆಲಸ ಮಾಡಿದವನು. ಗುಂಡಿ ಒತ್ತಿದರೆ ತೆರೆದುಕೊಳ್ಳುವ ಗಲ್ಲಾಕ್ಕೆ ವಿದ್ಯುತ್ ಮೋಟಾರ್ ಕೂರಿಸಿದವನು ಅವನೇ. ಗಲ್ಲಾದ ಮೋಟಾರು ದಿನವಿಡೀ ತಿರುಗಬೇಕಿಲ್ಲ, ಒಂದು ಕ್ಷಣ ಜೋರಾಗಿ ಎಳೆದು ಸುಮ್ಮನಾದರೆ ಸಾಕು. ಕಾರಿನ ಇಂಜಿನ್ ಏಳಿಸುವುದೂ ಹಾಗೇ ಅಲ್ಲವೆ? ಇಂಜಿನ್ನನ್ನು ತಿರುಗಿಸುವಷ್ಟು ಶಕ್ತಿಯ ಮೋಟಾರ್ ಇಡಬೇಕಾದರೆ ಅದು ಇಂಜಿನ್ನಿನಷ್ಟೇ ದೊಡ್ಡದಿರಬೇಕು ಎಂಬುದು ಆಗಿನ ಪಂಡಿತರ ಲೆಕ್ಕ. ಕೆಲವೇ ಸೆಕೆಂಡಿನ ಕೆಲಸಕ್ಕೆ ಸಣ್ಣ ಮೋಟಾರನ್ನೇ ಅದರ ಮಿತಿ ಮೀರಿ ದುಡಿಸಬಹುದು ಎಂಬುದು ಕೆಟರಿಂಗ್ ಲೆಕ್ಕ. 1912ರ ಕ್ಯಾಡಿಲ್ಯಾಕ್ ಕಾರು ಸೆಲ್ಫ್‌ನೊಂದಿಗೆ ಮಾರುಕಟ್ಟೆಗೆ ಬಂತು. ಅದೇ ಬ್ಯಾಟರಿಯಿಂದ ದೀಪ, ಅದೇ ಬ್ಯಾಟರಿಯಿಂದ ಕಿಡಿ. ಫೋರ್ಡ್ ಮಾತ್ರ ತನ್ನ ಮಾಡೆಲ್ ಟಿಗೆ ಇದನ್ನು ಕೊಡಲು 1919ರವರೆಗೆ ಕಾಯಿಸಿದ.

ಕಿಡಿಯ ಏರ್ಪಾಡೂ ಕೆಟರಿಂಗ್‌ನದೇ. ಮುಂದಿನ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಪೆಟ್ರೋಲ್ ಕಾರುಗಳು ಉರಿದದ್ದು ಬಹುಪಾಲು ಅವನ ಈ ವಿಧಾನದಲ್ಲಿ. ಡೆಲ್ಕೊ ಒಳಗೆ ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು. ಅದು ಮುಚ್ಚಿದ್ದಾಗ ಕಾಯಿಲ್ ಒಳಗೆ ವಿದ್ಯುತ್ ಹರಿದು ಅಯಸ್ಕಾಂತ ಶಕ್ತಿ ಕಟ್ಟಿಕೊಳ್ಳುತ್ತದೆ. ತೆರೆದ ಗಳಿಗೆಯಲ್ಲಿ ಅದು ಕುಸಿದು, 12 ವೋಲ್ಟ್‌ನ ಬ್ಯಾಟರಿಯಿಂದ ಸಾವಿರಾರು ವೋಲ್ಟ್‌ನ ಕಿಡಿ ಹುಟ್ಟುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಆ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ಸವೆಯದೆ ಇದ್ದೀತೆ? ಪಾಯಿಂಟ್ ಸುಟ್ಟು ಕಪ್ಪಾದರೆ ಕಾರು ಏಳುವುದಿಲ್ಲ. ಆಗ ಎಮ್ರಿ ಕಾಗದದಲ್ಲಿ ಉಜ್ಜಿ, ವಿಸಿಟಿಂಗ್ ಕಾರ್ಡೊಂದನ್ನು ತೂರಿಸಿ ಹೆಚ್ಚುಕಡಿಮೆ 0.4 ಮಿಲಿಮೀಟರ್ ಸಂದು ಹೊಂದಿಸುವುದು. ನಮ್ಮ ಊರುಗಳ ಎಷ್ಟು ಮೇಸ್ತ್ರಿಗಳ ಕೈಯಲ್ಲಿ ಎಷ್ಟು ಎಲ್‌ಐಸಿ ಏಜೆಂಟರ ಕಾರ್ಡು ಹೀಗೆ ಸಾರ್ಥಕವಾಯಿತೋ! ಪಾಯಿಂಟಿನ ಪಕ್ಕದ ಕಂಡೆನ್ಸರ್ ಕೆಟ್ಟರೆ ಪಾಯಿಂಟ್ ಬೇಗ ಸುಡುತ್ತದೆ. ಅದರ ಚಾಳಿ ಇನ್ನೂ ಕಪಟದ್ದು. ತಣ್ಣಗಿದ್ದಾಗ ಸರಿಯಾಗಿದ್ದು, ಬಿಸಿಯಾದಾಗ ಕೈ ಕೊಡುತ್ತದೆ. ಪ್ಲಗ್ಗಿನ ವಿಚಾರಕ್ಕೆ ಬಂದರೆ, ನಮ್ಮಲ್ಲಿ ಮೈಕೊ ಎಂಬುದೇ ಪ್ಲಗ್ಗಿಗೆ ಇನ್ನೊಂದು ಹೆಸರಾಗಿತ್ತು. 1951ರಲ್ಲಿ ಸ್ಥಾಪನೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು, ಜರ್ಮನಿಯ ಬಾಷ್ ಕಂಪನಿಯ ನಂಟಿನದು. ಡೆಲ್ಕೊ, ಮೈಕೊ ಎರಡೂ ಹೀಗೆ ಸಾಮಾನ್ಯ ನಾಮಪದಗಳಾಗಿ ಗ್ಯಾರೇಜಿನ ಕನ್ನಡದಲ್ಲಿ ಸೇರಿಹೋದವು.

ಮೇಸ್ತ್ರಿಯ ಪ್ರಶ್ನೆಗಳಿಗೆ ಬರೋಣ. 'ಬಿಸಿ ಆದಾಗ್ಲೇ ನಿಲ್ತದಾ, ತಣ್ಣಗಿದ್ದಾಗ್ಲೂ ನಿಲ್ತದಾ? ಓಡ್ತಾ ಓಡ್ತಾ ಜಗ್ಗಿ ಜಗ್ಗಿ ನಿಲ್ತದಾ, ಫಟ್ ಅಂತ ಒಂದೇ ಸಲ ನಿಲ್ತದಾ?' ಈ ಎರಡನೆಯ ಪ್ರಶ್ನೆಗೆ ಬೆಲೆ ಕಟ್ಟಲಾಗದು. ದೀಪ ಆರಿಸಿದಂತೆ ಒಂದೇ ಏಟಿಗೆ ನಿಂತರೆ ಹೋದದ್ದು ಕರೆಂಟು. ಹಸಿದವನಂತೆ ತಡವರಿಸಿ, ಮುಗ್ಗರಿಸಿ ನಿಂತರೆ ಪೆಟ್ರೋಲು. ಮಾವ ಯೋಚಿಸಿ, 'ಜಗ್ಗಿ ಜಗ್ಗಿ' ಎಂದರು. 'ಹಂಗಾರೆ ಡೆಲ್ಕೊ ಮುಟ್ಟೋದು ಬ್ಯಾಡ' ಎಂದ ಮೇಸ್ತ್ರಿ. ಆದರೂ ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿ ಹಿಡಿದು ಸೆಲ್ಫ್ ಹೊಡೆಸಿದ. ನೀಲಿ ಕಿಡಿ ಟಕಟಕ ಹಾರಿತು. ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಕಾರ್ಬೊರೇಟರಿನತ್ತ ತಿರುಗಿದ.

ಕಾರ್ಬೊರೇಟರ್ ಎಂಬುದು ಮೂಲದಲ್ಲಿ ಅತ್ತರಿನ ಸೀಸೆ. ಗಾಳಿ ಸಣ್ಣ ಕೊರಳಿನಲ್ಲಿ ರಭಸವಾಗಿ ಹಾಯುವಾಗ ಅಲ್ಲಿನ ಒತ್ತಡ ಕುಗ್ಗಿ, ಪಕ್ಕದ ಬಟ್ಟಲಿನಿಂದ ಪೆಟ್ರೋಲ್ ತಾನಾಗಿಯೇ ಮೇಲೇರಿ ತುಂತುರಾಗಿ ಬೆರೆಯುತ್ತದೆ. 1893ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ಇಂಥದ್ದನ್ನು ಮಾಡಿದ. ಅದೇ ವರ್ಷ ಹಂಗೆರಿಯಲ್ಲಿ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ ಕೂಡ ಪೇಟೆಂಟ್ ಪಡೆದರು. ಹೂ ಮಾರುವ ಹುಡುಗಿಯೊಬ್ಬಳು ಬಾಯಿಂದ ಊದಿ ಹೂವಿಗೆ ನೀರು ಚಿಮುಕಿಸುವುದನ್ನು ನೋಡಿ ಬಾಂಕಿಗೆ ಹೊಳೆಯಿತೆಂದು ಹಂಗೆರಿಯವರು ಹೇಳಿಕೊಳ್ಳುತ್ತಾರೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ, ಇದು ಅದರ ಹದ. ಯಂತ್ರಕ್ಕೆ ಹದ ತಿಳಿಯುವ ಬುದ್ಧಿ ಇಲ್ಲ. ಚಳಿಯಲ್ಲಿ ಪೆಟ್ರೋಲ್ ಆವಿಯಾಗದೆ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಸಿಲಿಂಡರಿಗೆ ಹೋಗುವುದು ಬರೀ ಗಾಳಿ. ಆಗ ಚೋಕ್ ಎಳೆದು ಗಾಳಿಯನ್ನು ಕಟ್ಟಬೇಕು, ಮಿಶ್ರಣ ಗಟ್ಟಿಯಾಗುತ್ತದೆ. ಎದ್ದ ಮೇಲೆ ಸ್ವಲ್ಪಸ್ವಲ್ಪವೇ ಒಳಕ್ಕೆ ತಳ್ಳಬೇಕು. ಮರೆತು ಎಳೆದೇ ಬಿಟ್ಟರೆ, ಇಲ್ಲವೆ ಆಕ್ಸಿಲರೇಟರ್ ಮೇಲೆ ಪದೇಪದೇ ತುಳಿದರೆ, ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗು ತೊಯ್ದು ಮೂಗಿಗೆ ವಾಸನೆ ಬಡಿಯುತ್ತದೆ. ಆಗ ಮಾಡಬೇಕಾದ್ದು ಮೇಲ್ನೋಟಕ್ಕೆ ತಲೆಕೆಳಗು ಅನಿಸುವ ಕೆಲಸ. ಚೋಕ್ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು, ಬಿಡದೆ ಸೆಲ್ಫ್ ಹೊಡೆಯುವುದು. ಗಾಳಿ ನುಗ್ಗಿ ಒಳಗಿನ ಹಸಿ ಒಣಗುತ್ತದೆ.

ಬಿಸಿಯ ಕಷ್ಟ ಬೇರೆ. ಓಡುವಾಗ ಗಾಳಿಯೂ ನೀರೂ ಇಂಜಿನ್ನನ್ನು ತಂಪಾಗಿಡುತ್ತವೆ. ನಿಲ್ಲಿಸಿದ ಕೂಡಲೇ ಎರಡೂ ನಿಲ್ಲುತ್ತವೆ, ಕಬ್ಬಿಣದೊಳಗಿನ ಕಾವು ಮೇಲಕ್ಕೆದ್ದು ಬಾನೆಟ್ ಒಳಗೆ ಒಲೆಯಾಗುತ್ತದೆ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಕುದಿಯುತ್ತದೆ. ಪಂಪಿನಲ್ಲೂ ಕೊಳವೆಯಲ್ಲೂ ಆವಿ ತುಂಬಿಕೊಂಡು, ದ್ರವವನ್ನು ಎಳೆಯಬೇಕಾದ ಪಂಪು ಬರೀ ಆವಿಯನ್ನು ಹಿಸುಕುತ್ತ ಕೂರುತ್ತದೆ. ಬೇಸಿಗೆಯಲ್ಲಿ ಫಿಯೆಟ್, ಪದ್ಮಿನಿ ಕಾರುಗಳ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹೋಗುತ್ತಿದ್ದವರನ್ನು ನೀವು ನೋಡಿರಬಹುದು. ಅಮೆರಿಕದವರು ಇದೇ ಕಾಯಿಲೆಗೆ ಇಂಧನದ ಕೊಳವೆಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸುತ್ತಿದ್ದರು. ವಾಟ್ಸಾಪಿನಲ್ಲಿ ಸುತ್ತುವ ಕಥೆಯೊಂದಿದೆ: ಒಬ್ಬ ವೆನಿಲಾ ಐಸ್‌ಕ್ರೀಮ್ ಕೊಂಡ ದಿನ ಮಾತ್ರ ಅವನ ಕಾರು ಏಳುವುದಿಲ್ಲ, ಬೇರೆ ಬಗೆಯದನ್ನು ಕೊಂಡರೆ ಏಳುತ್ತದೆ. ಕಂಪನಿಯ ಇಂಜಿನಿಯರ್ ಬಂದು ದಿನಗಟ್ಟಲೆ ಜೊತೆಗೆ ಹೋಗಿ ನೋಡಿದಾಗ, ವೆನಿಲಾ ಅಂಗಡಿಯ ಮುಂಭಾಗದಲ್ಲೇ ಇಟ್ಟಿದ್ದರಿಂದ ಬೇಗ ಸಿಗುತ್ತಿತ್ತು, ಇಂಜಿನ್ನಿಗೆ ಆರಲು ಸಮಯ ಸಿಗುತ್ತಿರಲಿಲ್ಲ ಎಂದು ತಿಳಿಯಿತಂತೆ. ನಡೆದದ್ದೆಂದು ನಂಬುವ ಅಗತ್ಯವಿಲ್ಲ. ಆದರೆ ಹಳೆಯ ಕಾರು ಇಟ್ಟುಕೊಂಡವರು ಇದನ್ನು ಕೇಳಿ ನಗುವುದಿಲ್ಲ, ತಲೆಯಾಡಿಸುತ್ತಾರೆ.

ಮಾವನ ಕಾರಿಗೆ ಒದ್ದೆ ಬಟ್ಟೆ ಸುತ್ತಿದರೆ ಅರ್ಧ ಗಂಟೆಯಲ್ಲಿ ಏಳುತ್ತಿತ್ತು. ಅದಕ್ಕೇ ಅವರು ಎರಡು ವರ್ಷದಿಂದ ಬಟ್ಟೆ ಸುತ್ತಿಕೊಂಡೇ ಓಡಾಡುತ್ತಿದ್ದರು. ಮೇಸ್ತ್ರಿ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ಕಿವಿಗೊಟ್ಟ. ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ, ತೆಗೆದಾಗ ಉಸ್ಸೆಂದು ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಉಸ್ಸೆನ್ನಲಿಲ್ಲ. ಕಾರ್ಬೊರೇಟರಿಗೆ ಬರುವ ಕೊಳವೆ ಕಿತ್ತು ಒಂದು ಡಬ್ಬಿಗೆ ಹಿಡಿದು ಸೆಲ್ಫ್ ಹೊಡೆಸಿದ. ಎರಡು ತೊಟ್ಟು, ಸ್ವಲ್ಪ ನೊರೆ. 'ಪಂಪು' ಎಂದ. ಬಿಚ್ಚುವ ಮೊದಲು ಎರಡನೆಯ ಕಾಯಿಲೆ ಕೇಳಿಸಿಕೊಂಡು, 'ಕೀ ತೆಗೆದ ಮೇಲೆ ನುಣ್ಣಗೆ ಓಡ್ತದಾ, ಗಡಗಡ ಅಂತದಾ?' ಎಂದು ಇನ್ನೊಂದು ಪ್ರಶ್ನೆ ಹಾಕಿದ.

ಇದರ ಒಳಗುಟ್ಟು ಹೀಗೆ. ಕೀ ತೆಗೆದರೂ ಇಂಜಿನ್ ನುಣ್ಣಗೆ ಓಡುತ್ತಿದ್ದರೆ ಕಿಡಿ ನಿಂತಿಲ್ಲ, ಸ್ವಿಚ್ಚಿನಲ್ಲೋ ವೈರಿಂಗಿನಲ್ಲೋ ಎಲ್ಲಿಂದಲೋ ಕಾಯಿಲ್‌ಗೆ ಕರೆಂಟು ಹರಿಯುತ್ತಿದೆ ಎಂದು ಅರ್ಥ. ಗಡಗಡ ನಡುಗುತ್ತ ಓಡಿದರೆ ಕಿಡಿ ನಿಂತಿದೆ, ಬೆಂಕಿ ನಿಂತಿಲ್ಲ. ಸಿಲಿಂಡರಿನೊಳಗೆ ಕಟ್ಟಿದ ಮಸಿ ಕೆಂಡವಾಗಿ, ಕಾರ್ಬೊರೇಟರಿನಿಂದ ಇನ್ನೂ ಬರುತ್ತಿರುವ ಪೆಟ್ರೋಲನ್ನು ತಾನೇ ಹೊತ್ತಿಸುತ್ತಿದೆ. ಕಿಡಿ ಇಲ್ಲದೆ ಉರಿಯುವ ಡೀಸೆಲ್ ಇಂಜಿನ್ನಿನ ಹೋಲಿಕೆಯಿಂದ ಇದಕ್ಕೆ ಡೀಸೆಲಿಂಗ್ ಎನ್ನುತ್ತಾರೆ. ಕಿಡಿಯ ಸಮಯ ತಪ್ಪಿದ್ದರೆ, ಇಂಜಿನ್ ಅತಿಯಾಗಿ ಕಾದಿದ್ದರೆ, ಪೆಟ್ರೋಲಿನ ಗುಣ ಕಡಿಮೆಯಿದ್ದರೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಲು ಎತ್ತಿದಾಗಿನ ವೇಗವನ್ನು ಜಾಸ್ತಿ ಇಟ್ಟಿದ್ದರೆ ಹೀಗಾಗುತ್ತದೆ. ಆ ಗಳಿಗೆಗೆ ಉಪಾಯ: ಬ್ರೇಕ್ ಒತ್ತಿ ಹಿಡಿದು, ಗೇರ್‌ಗೆ ಹಾಕಿ ಕ್ಲಚ್ ನಿಧಾನವಾಗಿ ಬಿಡುವುದು. ಉಸಿರುಗಟ್ಟಿ ನಿಲ್ಲುತ್ತದೆ. ಅದು ಚಿಕಿತ್ಸೆಯಲ್ಲ.

ಇಲ್ಲಿ ಕೆಟರಿಂಗ್ ಎರಡನೆಯ ಸಲ ಬರುತ್ತಾನೆ. ಸೆಲ್ಫ್ ಬಂದ ಹೊಸದರಲ್ಲಿ ಇಂಜಿನ್ನುಗಳಲ್ಲಿ ಸುತ್ತಿಗೆಯಿಂದ ಬಡಿದಂತೆ ಸದ್ದೊಂದು ಕೇಳತೊಡಗಿತು. ನಾಕಿಂಗ್. ಪೆಟ್ರೋಲ್ ಹದವಾಗಿ ಉರಿಯದೆ ಸಿಡಿಯುವುದರ ಸದ್ದು. ಇದಕ್ಕೆಲ್ಲ ಕೆಟರಿಂಗ್‌ನ ಬ್ಯಾಟರಿ ಕಿಡಿಯೇ ಕಾರಣವೆಂದು ಅವನ ಎದುರಾಳಿಗಳು ಹೇಳಿದರು. ಅಪವಾದ ಹೊತ್ತ ಕೆಟರಿಂಗ್ ಕಾರಣ ಹುಡುಕಲು ತನ್ನ ಬಳಿ 1916ರಲ್ಲಿ ಸೇರಿದ್ದ ಥಾಮಸ್ ಮಿಜ್ಲಿ ಎಂಬ ಯುವಕನನ್ನು ಹಚ್ಚಿದ. ದೋಷ ಕಿಡಿಯದಲ್ಲ, ಇಂಧನದ್ದು ಎಂದು ಅವರು ಕಂಡುಕೊಂಡರು. ಅದು ಸರಿಯಾದ ರೋಗನಿದಾನ. ಮದ್ದಿನ ಕಥೆ ತಮಾಷೆಯಾಗಿ ಶುರುವಾಗುತ್ತದೆ. ಹಿಮದ ನಡುವೆಯೂ ಹೂ ಬಿಡುವ ಒಂದು ಬಳ್ಳಿಯ ಎಲೆ ಕೆಂಪಾಗಿರುವುದನ್ನು ನೆನೆದು, ಕೆಂಪು ಬಣ್ಣ ಕಾವನ್ನು ಹೀರುತ್ತದೆ, ಪೆಟ್ರೋಲನ್ನೂ ಕೆಂಪಾಗಿಸಿದರೆ ಸರಿಯಾಗಿ ಆವಿಯಾದೀತು ಎಂದು ಕೆಟರಿಂಗ್ ಊಹಿಸಿದ. ಕೆಂಪು ಬಣ್ಣ ಕೈಗೆ ಸಿಗದೆ ಮಿಜ್ಲಿ ಅಯೋಡಿನ್ ಬೆರೆಸಿದ. ಸದ್ದು ನಿಂತಿತು! ಆಮೇಲೆ ನಿಜವಾದ ಕೆಂಪು ಬಣ್ಣಗಳನ್ನು ತಂದು ಬೆರೆಸಿದರೆ ಒಂದೂ ಕೆಲಸ ಮಾಡಲಿಲ್ಲ. ಊಹೆ ತಪ್ಪು, ಉತ್ತರ ಸರಿ. ಗ್ಯಾರೇಜುಗಳಲ್ಲಿ ದಿನಾ ನಡೆಯುವುದು ಇದೇ.

ಅಯೋಡಿನ್ ದುಬಾರಿ, ಲೋಹವನ್ನೂ ತಿನ್ನುತ್ತಿತ್ತು. ಹುಡುಕುತ್ತ ಹೋಗಿ 1921ರ ಡಿಸೆಂಬರ್‌ನಲ್ಲಿ ಸೀಸದ ಸಂಯುಕ್ತ ಟೆಟ್ರಾಈಥೈಲ್ ಲೆಡ್ ಸಿಕ್ಕಿತು. ಗ್ಯಾಲನ್ನಿಗೆ ಕೆಲವೇ ಗ್ರಾಂ ಸಾಕು. ಸೀಸ ವಿಷವೆಂಬುದು ಆ ಹೊತ್ತಿಗೆ ಹೊಸ ಸುದ್ದಿಯಲ್ಲ. ಮದ್ಯಸಾರ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು, ಪ್ರಯೋಗವನ್ನೂ ಮಾಡಿದ್ದರು. ಆದರೆ ಅದನ್ನು ಗ್ರಾಂ ಲೆಕ್ಕದಲ್ಲಲ್ಲ, ಶೇಕಡಾ ಲೆಕ್ಕದಲ್ಲಿ ಸುರಿಯಬೇಕು. ಹೊಲದಲ್ಲಿ ಬೆಳೆದು ಯಾರು ಬೇಕಾದರೂ ಇಳಿಸಬಹುದಾದ ಸಾರವನ್ನು ಸೀಸದ ಸಂಯುಕ್ತದಷ್ಟು ಸುಲಭವಾಗಿ ಒಬ್ಬರ ಸ್ವತ್ತಾಗಿಸಿಕೊಳ್ಳುವುದೂ ಕಷ್ಟ. 1923ರ ಫೆಬ್ರವರಿಯಲ್ಲಿ ಡೇಟನ್ನಿನ ಬಂಕಿನಲ್ಲಿ ಈಥೈಲ್ ಎಂಬ ಹೆಸರಿನಲ್ಲಿ ಹೊಸ ಪೆಟ್ರೋಲ್ ಮಾರಾಟಕ್ಕೆ ಬಂತು. ಹೆಸರಿನಲ್ಲಿ ಸೀಸದ ಸುಳಿವಿಲ್ಲ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಈ ವಸ್ತು ತಯಾರಿಸುತ್ತಿದ್ದ ಐವರು ಕಾರ್ಮಿಕರು ಭ್ರಮೆ ಹಿಡಿದು ಸತ್ತರು. ಪತ್ರಕರ್ತರ ಮುಂದೆ ಮಿಜ್ಲಿ ಅದರಲ್ಲಿ ಕೈ ತೊಳೆದು, ಮೂಸಿ, ಅಪಾಯವಿಲ್ಲವೆಂದು ತೋರಿಸಿದ. ಹಿಂದಿನ ವರ್ಷವಷ್ಟೇ ಅವನು ಸೀಸದ ವಿಷ ತಗುಲಿ, ಚೇತರಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗಿ ಬಂದಿದ್ದ. ಆ ಮದ್ದು ಅರ್ಧ ಶತಮಾನ ಜಗತ್ತಿನ ರಸ್ತೆಗಳ ಮೇಲೆ ಉರಿಯಿತು. ಸದ್ದು ನಿಂತಿತು. ಉರಿದ ಸೀಸ ಮಣ್ಣಿಗೆ, ನೀರಿಗೆ, ಮಕ್ಕಳ ರಕ್ತಕ್ಕೆ ಹೋಯಿತು.

1970ರ ದಶಕದಲ್ಲಿ ಅಮೆರಿಕ ಹೊಗೆಯ ಕಾನೂನು ಬಿಗಿ ಮಾಡಿ ಸೀಸವನ್ನು ಹಂತಹಂತವಾಗಿ ತೆಗೆಯತೊಡಗಿದಾಗ, ಅಡಗಿದ್ದ ಕಾಯಿಲೆ ಬೇರೆ ರೂಪದಲ್ಲಿ ಎದ್ದಿತು. ಪೆಟ್ರೋಲಿನ ಆಕ್ಟೇನ್ ಇಳಿಯಿತು. ಹೊಗೆ ಕಡಿಮೆ ಮಾಡಲು ಮಿಶ್ರಣ ತೆಳುವಾಯಿತು, ಕಿಡಿ ತಡವಾಯಿತು, ಕಾವು ಹೆಚ್ಚಿತು, ಇಂಜಿನ್ ನಿಲ್ಲದಿರಲೆಂದು ಸುಮ್ಮನೆ ಓಡುವಾಗಿನ ವೇಗ ಏರಿತು. ಪರಿಣಾಮ, ಕೀ ತೆಗೆದರೂ ನಿಲ್ಲದ ಕಾರುಗಳು. ಆ ದಶಕದ ಕಾರುಗಳ ಕಾರ್ಬೊರೇಟರ್ ಪಕ್ಕದಲ್ಲಿ ಕೀ ತೆಗೆದ ಕೂಡಲೇ ಗಾಳಿಯ ಬಾಗಿಲನ್ನೋ ಪೆಟ್ರೋಲಿನ ತೂತನ್ನೋ ಮುಚ್ಚುವ ಸೊಲೆನಾಯ್ಡ್ ಎಂಬ ಪುಟ್ಟ ವಿದ್ಯುತ್ ಕೀಲು ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ. ಅದೊಂದು ಕಾವಲುಗಾರ. ಅದರ ವೈರು ಕಳಚಿದರೆ ಮತ್ತೊಂದು ಹೊಸ ಕಾಯಿಲೆ: ಕಾಲು ಎತ್ತಿದರೆ ಕಾರು ನಿಂತುಬಿಡುತ್ತದೆ. ಭಾರತದಲ್ಲಿ ಸೀಸವಿಲ್ಲದ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂದು, 2000ದಲ್ಲಿ ಇಡೀ ದೇಶಕ್ಕೆ ಹಬ್ಬಿತು. ಜಗತ್ತಿನಲ್ಲಿ ಸೀಸದ ಪೆಟ್ರೋಲನ್ನು ಕೊನೆಗೆ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ. ಡೇಟನ್ನಿನ ಆ ಬಂಕಿನಿಂದ ಲೆಕ್ಕ ಹಾಕಿದರೆ 98 ವರ್ಷ.

ಅಷ್ಟರಲ್ಲಿ ಕಾರ್ಬೊರೇಟರೇ ಹೋಗಿತ್ತು. ಹೊಸ ಕಾರುಗಳಲ್ಲಿ ಹದ ನೋಡುವ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಉಳಿದಿರುವುದು ಮಾವನಂಥವರ ಶೆಡ್ಡುಗಳಲ್ಲಿ. ಅಲ್ಲಿಗೆ ನೂರು ವರ್ಷದ ಹಿಂದೆ ಡೇಟನ್ನಿನಲ್ಲಿ ಬದಿಗೆ ಸರಿಸಿದ್ದ ಮದ್ಯಸಾರ ಎಥನಾಲ್ ಎಂಬ ಹೆಸರಿನಲ್ಲಿ ವಾಪಸು ಬಂದಿದೆ. 2003ರಲ್ಲಿ ಶೇ 5ರಷ್ಟು ಬೆರೆಸಲು ಶುರುವಾದದ್ದು 2022ರಲ್ಲಿ ಶೇ 10, 2025ರಲ್ಲಿ ಶೇ 20 ಆಯಿತು. ಬೆಳಗಾವಿಯ ಕಬ್ಬಿನ ಪಾಲೂ ಅದರಲ್ಲಿದೆ. ಸೀಸಕ್ಕೆ ಹೋಲಿಸಿದರೆ ಅದು ಎಷ್ಟೋ ಸಾಧು. ಆದರೆ ಅದು ನೀರನ್ನು ಹೀರಿಕೊಳ್ಳುತ್ತದೆ, ಮತ್ತು ಅದಕ್ಕೆಂದು ತಯಾರಾಗದ ಹಳೆಯ ರಬ್ಬರನ್ನು ಉಬ್ಬಿಸಿ, ಬಿರುಕು ಬಿಡಿಸಿ ಕೆಡಿಸುತ್ತದೆ.

ಮೇಸ್ತ್ರಿ ಪಂಪು ಬಿಚ್ಚಿ ಒಳಗಿನ ಡಯಾಫ್ರಮ್ ತೆಗೆದು ಬಿಸಿಲಿಗೆ ಹಿಡಿದ. ಅಂಚಿನಲ್ಲಿ ಊದಿಕೊಂಡು, ನಡುವೆ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಚಳಿಯಲ್ಲಿ ಹೇಗೋ ಎಳೆಯುತ್ತಿದ್ದ ಪಂಪು, ಆವಿ ತುಂಬಿದಾಗ ಸೋಲುತ್ತಿತ್ತು. ಒದ್ದೆ ಬಟ್ಟೆ ಅದನ್ನು ಎರಡು ವರ್ಷ ಮುಚ್ಚಿಟ್ಟಿತ್ತು. ಮೊದಲಿನ ಯಾರೋ, ಸಿಗ್ನಲ್ಲಿನಲ್ಲಿ ಕಾರು ನಿಂತುಹೋಗುತ್ತದೆ ಎಂದು ಮಾವ ದೂರಿದಾಗ, ಕಟ್ಟಿಕೊಂಡ ಜೆಟ್ಟನ್ನು ಬಿಡಿಸುವ ಬದಲು ಸ್ಕ್ರೂ ತಿರುಗಿಸಿ ವೇಗ ಏರಿಸಿಕೊಟ್ಟಿದ್ದ. ನಿಲ್ಲದ ಕಾಯಿಲೆ ಹುಟ್ಟಿದ್ದು ಅಲ್ಲಿಂದ. ಮೇಸ್ತ್ರಿ ಜೆಟ್ಟನ್ನು ಬಾಯಿಗಿಟ್ಟು ಊದಿ, ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಊದಿದ. ಸ್ಕ್ರೂವನ್ನು ಒಂದೂವರೆ ಸುತ್ತು ಹಿಂದಕ್ಕೆ ತಂದ. ಹೊಸ ಡಯಾಫ್ರಮ್ ತರಲು ಹುಡುಗನನ್ನು ಸೈಕಲ್ ಮೇಲೆ ಪೇಟೆಗೆ ಓಡಿಸಿ, ನಮಗೆ ಬೆಂಚು ತೋರಿಸಿ, 'ಕಾಫಿ ಕುಡೀರಿ ಸಾರ್' ಎಂದ. ಮಾವ ಪಂಪಿಗೆ ಸುತ್ತಿದ್ದ ಬಟ್ಟೆಯನ್ನು ಹಿಂಡಿ, ಮಡಿಸಿ, ಡಿಕ್ಕಿಯಲ್ಲಿ ಇಟ್ಟರು. ಬಿಸಾಡಲಿಲ್ಲ.